ಟೂಂಗಾಬಿಯ ಅಜ್ಟೆಕ್ ಭಾವ

ನಮ್ಮ ಭಾವನವರ ಕೈಯಲ್ಲಿರುವುದು ಆಸ್ಟ್ರೇಲಿಯಾದ ಪಾಸ್‌ಪೋರ್ಟ್. ಆದರೆ ಅವರು ಯಾವ ದೇಶದ ಪ್ರಜೆ ಎಂದು ಯಾರಾದರೂ ನನ್ನನ್ನು ಕೇಳಿದರೆ, ಐನೂರು ವರ್ಷಗಳ ಹಿಂದೆ ಮೆಕ್ಸಿಕೋದಲ್ಲಿ ಮಣ್ಣುಪಾಲಾದ ಅಜ್ಟೆಕ್ ಸಾಮ್ರಾಜ್ಯದವರು ಎಂದೇ ಹೇಳುತ್ತೇನೆ! ಮೆಕ್ಸಿಕೋಗೆ ಒಮ್ಮೆಯಾದರೂ ಹೋಗಿದ್ದಾರೆಯೇ? ಎಲ್ಲಿ ಬಂತು! ಸಿಡ್ನಿಯ ಟೂಂಗಾಬಿಯಲ್ಲಿ ಮನೆ, ಚಾಟ್ಸ್‌ವುಡ್‌ನಲ್ಲಿ ಸಾಫ್ಟ್‌ವೇರ್ ಕೆಲಸ. ಪಾಂಡಿತ್ಯವೆಲ್ಲ ಪುಸ್ತಕದ್ದು.

ಅಜ್ಟೆಕರು ಬದುಕಿದ್ದ ಮನುಷ್ಯನ ಎದೆ ಸೀಳಿ, ಗುಂಡಿಗೆ ಕಿತ್ತು ದೇವರಿಗೆ ಅರ್ಪಿಸುತ್ತಿದ್ದರಂತೆ. ಭಾವ ಇದನ್ನು ವಿವರಿಸುವುದು ಯಾವಾಗ? ಅಕ್ಕ ನೆಂಟರಿಗೆ ಬಿಸಿಬೇಳೆಬಾತ್ ಬಡಿಸುವಾಗ! ಹೇಳುವ ಈ ವೀರರೋ, ಬಚ್ಚಲಲ್ಲಿ ಜಿರಳೆ ಕಂಡರೆ ಅಕ್ಕನನ್ನು ಕೂಗುವವರು.

ಒಂದೇ ತಪ್ಪಿಗೆ ಸಾಮಾನ್ಯನಿಗಿಂತ ದೊಡ್ಡ ಮನುಷ್ಯನಿಗೇ ಹೆಚ್ಚು ಶಿಕ್ಷೆ ಎಂಬುದು ಅಜ್ಟೆಕರ ಕಾನೂನು. ಭಾವ ಸುಮ್ಮನಿರಬೇಕಲ್ಲ? ರಾಜ್ಯೋತ್ಸವಕ್ಕೆ ತಡವಾಗಿ ಬಂದ ಕನ್ನಡ ಕೂಟದ ಅಧ್ಯಕ್ಷರನ್ನು ತೋರಿಸಿ, “ಮೆಂಬರ್ ಲೇಟಾದ್ರೆ ಕೊನೇ ಪಂಕ್ತಿ. ಪ್ರೆಸಿಡೆಂಟ್ ಲೇಟಾದ್ರೆ ಊಟಾನೇ ಇಲ್ಲ. ಇದು ಅಜ್ಟೆಕ್ ನ್ಯಾಯ!” ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಮುಂದಿನ ವರ್ಷದ ಸಮಿತಿಯಲ್ಲಿ ಭಾವನವರ ಹೆಸರಿರಲಿಲ್ಲ. ಚಪ್ಪಾಳೆ ತಟ್ಟಿದವರದೆಲ್ಲ ಇತ್ತು.

ಅಲ್ಲಿ ಹುಡುಗರು ಕುಡಿದರೆ ತಲೆ ಬೋಳಿಸುತ್ತಿದ್ದರಂತೆ. ಎಪ್ಪತ್ತು ದಾಟಿದವರು ಮಾತ್ರ ಬೇಕಾದಷ್ಟು ಕುಡಿಯಬಹುದಂತೆ. ಒಂದು ಬಾರ್ಬೆಕ್ಯೂನಲ್ಲಿ ಭಾವ ಆಫೀಸಿನ ಹುಡುಗನೊಬ್ಬನ ಕೈಯಿಂದ ಬಿಯರ್ ಕಸಿದು, ಮೈಸೂರಿನಿಂದ ಬಂದಿದ್ದ ನನ್ನ ಮಾವನವರ ಮುಂದಿಟ್ಟರು. ಮಾವನವರು ಒಂದು ದಿನವೂ ಸಂಧ್ಯಾವಂದನೆ ತಪ್ಪಿಸದವರು!

“ಇದು ಶಾಸ್ತ್ರದಲ್ಲಿದೆಯೇನಪ್ಪಾ?” ಎಂದರು ಮಾವ.

“ಇದೆ ಅಂಕಲ್.”

“ಹಾಗಾದ್ರೆ ಬೇಡ ಅನ್ನೋದು ತಪ್ಪಾಗತ್ತೆ” ಎಂದು ಅವರು ಕ್ಯಾನ್ ಎತ್ತಿಕೊಂಡೇಬಿಟ್ಟರು.

ಇಂಥ ಭಾವ ನನ್ನ ಹೆರಿಗೆಗೆಂದು ಅಕ್ಕನ ಜೊತೆ ಮೆಲ್ಬರ್ನ್‌ಗೆ, ಬಾಕ್ಸ್ ಹಿಲ್‌ನ ನಮ್ಮ ಅಪಾರ್ಟ್‌ಮೆಂಟಿಗೆ ಬಂದಿಳಿದರು. ಅಕ್ಕನಿಗೆ ಮಕ್ಕಳಿರಲಿಲ್ಲ, ಅಮ್ಮನಿಗೆ ವೀಸಾ ಸಿಕ್ಕಿರಲಿಲ್ಲ. ನನಗೆ ಬಿಪಿ ಏರಿತ್ತು. ಹೆರಿಗೆ ಸುಲಭವಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು. ನಾನು ಹೆದರಿ ಕುಳಿತಿದ್ದರೆ ಭಾವ ಫೋನಿನಲ್ಲಿ ಅಜ್ಟೆಕ್ ಪಂಚಾಂಗ ತೆಗೆದರು.

“ಎರಡು-ಮೊಲ ಅಂತ ಒಂದು ದಿನ ಬರತ್ತೆ. ಆವತ್ತು ಹುಟ್ಟಿದ ಮಗು ಕುಡುಕ ಆಗತ್ತಂತೆ. ಹಾಗೇನಾದ್ರೂ ಆದ್ರೆ ನಾಮಕರಣ ಒಳ್ಳೇ ದಿನಕ್ಕೆ ಮುಂದಕ್ಕೆ ಹಾಕೋಣ, ದೋಷ ಕಳೆಯತ್ತೆ.”

“ನೀವು ರಾಹುಕಾಲ ನಂಬಲ್ಲ ಅಲ್ವಾ ಭಾವ?”

“ಛೆ, ಅದು ಮೂಢನಂಬಿಕೆ ಕಣಮ್ಮ!”

ಎರಡೇ ದಿನಕ್ಕೆ ನೋವು ಶುರುವಾಯಿತು. ಆಸ್ಪತ್ರೆಗೆ ಸೇರಿಸಿದ ಮೇಲೆ ಭಾವ ಅಜ್ಟೆಕರ ಹೆಸರನ್ನೇ ಎತ್ತಲಿಲ್ಲವಂತೆ. ಮಗು ಹುಟ್ಟಿದರೂ ರಕ್ತ ನಿಲ್ಲದೆ ನನ್ನನ್ನು ಆಪರೇಷನ್ ಥಿಯೇಟರಿಗೆ ಒಯ್ದಾಗ, ಕಾರಿಡಾರಿನಲ್ಲಿ ನೆಲದ ಮೇಲೇ ಕುಸಿದು ಕುಳಿತರಂತೆ. ಅದನ್ನೆಲ್ಲ ಆಮೇಲೆ ಅಕ್ಕ ಹೇಳಿದಳು. ನನಗೆ ಎಚ್ಚರವಾದಾಗ ಪಕ್ಕದ ತೊಟ್ಟಿಲಲ್ಲಿ ಮಗಳಿದ್ದಳು. ಭಾವ ಬಾಗಿಲಲ್ಲೇ ನಿಂತಿದ್ದರು, ಒಳಗೆ ಬರಲೊಲ್ಲರು.

“ಬನ್ನಿ ಭಾವ, ಎತ್ಕೊಳ್ಳಿ.”

“ನಾನು ಮುಟ್ಟಬಹುದಾ?”

“ಯಾಕೆ ಹಾಗಂತೀರಾ?”

“ನನ್ನ ಹೆತ್ತು ನಮ್ಮಮ್ಮ ಹೋಗಿಬಿಟ್ಳು. ಹುಟ್ಟುತ್ತಲೇ ತಾಯಿನ ತಿಂದ್ಕೊಂಡೋನು ಅಂತ ಬಾಣಂತಿ ಕೋಣೆಗೆ ನನ್ನ ಯಾರೂ ಸೇರಿಸ್ತಿರ್ಲಿಲ್ಲ” ಎಂದರು. ಆಮೇಲೆ ತೊಟ್ಟಿಲಿನ ಕಡೆ ನೋಡುತ್ತ, “ಅಜ್ಟೆಕರಲ್ಲಿ ಹೆರಿಗೇಲಿ ಸತ್ತೋಳು ಯುದ್ಧದಲ್ಲಿ ಸತ್ತ ಯೋಧನಿಗೆ ಸಮ ಕಣಮ್ಮ. ಮಧ್ಯಾಹ್ನದಿಂದ ಮುಳುಗೋವರೆಗೂ ಸೂರ್ಯನ್ನ ಕರ್ಕೊಂಡು ಹೋಗೋರು ಅವರೇ ಅಂತೆ. ಟ್ರೈನಲ್ಲಿ ಇದನ್ನ ಓದಿದ ದಿನ ನನ್ನ ಸ್ಟೇಷನ್ ಬಂದು ಹೋಗಿದ್ದೇ ಗೊತ್ತಾಗಲಿಲ್ಲ” ಎಂದರು.

ನನಗೆ ಅಳು ತಡೆಯಲಾಗಲಿಲ್ಲ. “ಕೂತ್ಕೊಳ್ಳಿ ಭಾವ” ಎಂದೆ. ಅಕ್ಕ ಮಗುವನ್ನೆತ್ತಿ ಅವರ ಮಡಿಲಲ್ಲಿ ಮಲಗಿಸಿದಳು. ಐವತ್ತು ವರ್ಷದ ಮನುಷ್ಯ, ಮೊದಲ ಬಾರಿಗೆ ಒಂದು ಹಸುಗೂಸನ್ನು ಮುಟ್ಟಿದರು.