ಗ್ರೀಸ್ ಡಬ್ಬಿಗಳ ವಾಲಗ

ಆಯುಧಪೂಜೆಯ ಬೆಳಿಗ್ಗೆ ಒಂಬತ್ತೂವರೆಗೆ ವಾಲಗದವರು ಫೋನ್ ಮಾಡಿ, ಪಕ್ಕದ ರಸ್ತೆಯ ಬೋಲ್ಟ್ ಕಾರ್ಖಾನೆಯವರು ತಮ್ಮನ್ನು ಬಿಡುತ್ತಿಲ್ಲ ಎಂದರು. ಪೀಣ್ಯದಲ್ಲಿ ಆ ಒಂದು ದಿನ ಡೋಲು ಬಾರಿಸುವವನಿಗಿರುವ ಬೆಲೆ ಎಂಜಿನಿಯರನಿಗೂ ಇರುವುದಿಲ್ಲ.

ಸೂಪರ್‌ವೈಸರ್ ನಲ್ಲಪ್ಪ ಗ್ರೀಸ್ ಡ್ರಮ್ಮಿನ ಮೇಲೆ ಕುಸಿದು ಕೂತ. "ಹನ್ನೊಂದಕ್ಕೆ ಎಂ.ಡಿ. ಬರ್ತಾರೆ. ವಾಲಗ ಇಲ್ದೆ ಮಂಗಳಾರತಿ ಎತ್ತಿದ್ರೆ ನನ್ನೇ ಊದು ಅಂತಾರೆ ಕಣ್ರೋ."

"ನಾನು ಮಾಡ್ತೀನ್ರಿ ಸಾರ್," ಎಂದ ಕೊಟ್ರೇಶ್.

ಡಬ್ಬಿಗೆ ಗ್ರೀಸ್ ತುಂಬಿ ಮುಚ್ಚಳ ಒತ್ತುವ ಆ ಕಾರ್ಖಾನೆಯಲ್ಲಿ ಕೊಟ್ರೇಶ್ ಐದು ವರ್ಷದಿಂದ ಕಾಂಟ್ರಾಕ್ಟಿನ ಮೇಲೆ ಮೇಂಟೆನೆನ್ಸ್ ನೋಡಿಕೊಳ್ಳುತ್ತಿದ್ದ. ಹರಪನಹಳ್ಳಿಯಲ್ಲಿ ಒಂದು ಹೆಣ್ಣು ಗೊತ್ತಾಗಿತ್ತು. ಹೆಣ್ಣಿನ ಅಪ್ಪ ಜಾತಕ ಕೇಳಲಿಲ್ಲ, ಸಂಬಳ ಕೇಳಲಿಲ್ಲ. "ಪರ್ಮನೆಂಟ್ ಆದ ದಿನ ಫೋನ್ ಮಾಡಪ್ಪ" ಎಂದಷ್ಟೇ ಹೇಳಿದ್ದ. ಮೇಂಟೆನೆನ್ಸಿಗೆ ಒಂದು ಪರ್ಮನೆಂಟ್ ಹುದ್ದೆ ಬೇಕೆಂದು ನಲ್ಲಪ್ಪ ಮೇಲಕ್ಕೆ ಬರೆದಿದ್ದ. ಎಂ.ಡಿ. ಇವತ್ತು ಆ ಆರ್ಡರನ್ನು ಜೇಬಿನಲ್ಲಿಟ್ಟುಕೊಂಡೇ ಬರುತ್ತಾರೆಂದು ಆಫೀಸಿನಿಂದ ಸುದ್ದಿ ಬಂದಿತ್ತು. ಅವರ ಕಣ್ಣಿಗೆ ಬೀಳಲು ಇದಕ್ಕಿಂತ ಒಳ್ಳೆಯ ದಿನ ಸಿಗುವಂತಿರಲಿಲ್ಲ.

"ಊದಕ್ಕೂ ಬರುತ್ತೇನೋ ನಿಂಗೆ?" ಎಂದ ನಲ್ಲಪ್ಪ.

"ಊದಂಗಿಲ್ರಿ. ಮಷೀನೇ ಬಾರಸ್ತೈತಿ."

ಕೊಟ್ರೇಶ್ ಚಿಕ್ಕಬಾಣಾವರದ ರೂಮಿನಲ್ಲಿ ಹಳೆಯ ಲ್ಯಾಪ್‌ಟಾಪಿನ ಮೇಲೆ ಹಾಡು ಕಟ್ಟುತ್ತಿದ್ದ. ಟ್ರ್ಯಾಕರ್ ಎಂಬ ಸಾಫ್ಟ್‌ವೇರ್ ಅದು. ಲೆಕ್ಕದ ಹಾಳೆಗೆ ಹುಚ್ಚು ಹಿಡಿದಂತೆ ಅಂಕಿಗಳು ಸಾಲುಸಾಲಾಗಿ ಕೆಳಗುರುಳುತ್ತವೆ, ಪ್ರತಿ ಸಾಲಿಗೂ ಒಂದು ಸದ್ದು. ಅದರ ಹೊಸ ಆವೃತ್ತಿ ಬಂದು ವಾರವಾಗಿತ್ತು. ಸದ್ದು ಮಾಡು ಎನ್ನುವ ಮಿಡಿ ಸಂಕೇತವನ್ನು ಈಗ ಅದು ಹೊರಗಿನ ಯಾವ ಯಂತ್ರಕ್ಕಾದರೂ ಕಳಿಸಬಲ್ಲದು. ಹೊರಗಿನಿಂದ ತಾಳ ಕೊಟ್ಟರೆ ಆ ತಾಳಕ್ಕೇ ಹೆಜ್ಜೆ ಹಾಕಬಲ್ಲದು. ಮಾಡಿದವರು ಕೀಬೋರ್ಡ್ ನುಡಿಸುವವರನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರು. ಕೊಟ್ರೇಶನಿಗೆ ಅದನ್ನು ನೋಡಿದ ಕೂಡಲೇ ನೆನಪಾದದ್ದು ಮುಚ್ಚಳ ಒತ್ತುವ ಪ್ರೆಸ್ಸು.

ಪ್ರೆಸ್ಸಿಗೆ ಗಾಳಿಯ ಒತ್ತಡದಲ್ಲಿ ಇಳಿಯುವ ಎಂಟು ತಲೆಗಳು. ಅವನು ರೂಮಿನಿಂದ ಲ್ಯಾಪ್‌ಟಾಪ್ ತಂದು, ಅದರ ಸಂಕೇತವನ್ನು ಒಂದು ಸಣ್ಣ ರಿಲೇ ಬೋರ್ಡಿನ ಮೂಲಕ ಅವುಗಳ ವಾಲ್ವಿಗೆ ಕೊಟ್ಟ. ಕೆಳಗೆ ಎಂಟು ಡಬ್ಬಿ ಇಟ್ಟ. ತುಂಬಿದ ಡಬ್ಬಿ ದುಬ್ ಎಂದಿತು, ಅರ್ಧ ತುಂಬಿದ್ದು ದಬ್, ಖಾಲಿಯದು ಟಣ್. ವಾಲಗದ ರಾಗ ಲ್ಯಾಪ್‌ಟಾಪಿನ ಸ್ಪೀಕರಿನಿಂದ, ಡೋಲು ಪ್ರೆಸ್ಸಿನಿಂದ.

"ಇದೇನ್ ಪೂಜಾನೋ, ಪಾತ್ರಿ ಅಂಗಡಿನೋ?" ಎಂದಳು ಪ್ರೆಸ್ಸಿನ ಮೇಲೆ ಕೆಲಸ ಮಾಡುವ ಭಾಗ್ಯಶ್ರೀ.

"ತಾಳ ನಿನ್ನ ಕೈಯಾಗ ಐತಿ, ಸುಮ್ಕ ಕುಂದ್ರು." ಡಬ್ಬಿ ಎಣಿಸುವ ಸೆನ್ಸರನ್ನು ಲ್ಯಾಪ್‌ಟಾಪಿಗೆ ಜೋಡಿಸಿ, ಅದರ ಮುಂದೆ ಅವಳನ್ನು ಕೂರಿಸಿದ. ಆ ಸಣ್ಣ ಕೆಂಪು ಕಣ್ಣಿನ ಮುಂದೆ ಅವಳು ಒಮ್ಮೆ ಕೈ ಆಡಿಸಿದರೆ ಒಂದು ಪೆಟ್ಟು.

ನಲ್ಲಪ್ಪ ಒಂದು ನಿಮಿಷ ಕೇಳಿ ತಲೆದೂಗಿದ. "ಸಕ್ಕತ್ತಾಗಿದೆ ಗುರು. ಆದ್ರೆ ನಿಧಾನ. ನಿಮಿಷಕ್ಕೆ ಮೂವತ್ತು. ದೇವರ ಕಾರ್ಯ, ಗಂಭೀರವಾಗಿರ್ಬೇಕು."

ಅಷ್ಟರಲ್ಲಿ ಎಲೆಕ್ಟ್ರಿಷಿಯನ್ ಹನುಮೇಶ ಒಂದು ಬುಟ್ಟಿ ಚೆಂಡುಹೂವು ಹೊತ್ತುಕೊಂಡು ಬಂದ. ಅಲಂಕಾರ ಅವನ ಜವಾಬ್ದಾರಿ. ಅವನು ಅದನ್ನು ಯುದ್ಧದ ಹಾಗೆ ಮಾಡುತ್ತಿದ್ದ. ಸ್ಪ್ಯಾನರಿಗೆ ಹೂವು, ಫೋರ್ಕ್‌ಲಿಫ್ಟಿಗೆ ಬಾಳೆಕಂದು, ಟೀ ಫ್ಲಾಸ್ಕಿಗೆ ವಿಭೂತಿ. ಲ್ಯಾಪ್‌ಟಾಪಿನ ಟಚ್‌ಪ್ಯಾಡಿಗೆ ಅರಿಶಿನ ಬಳಿದು ನಡುವೆ ಕುಂಕುಮ ಇಟ್ಟ.

"ಲೋ, ಅದು ಕೆಲಸ ಮಾಡಾಂಗಿಲ್ಲ ಆಮೇಲೆ," ಎಂದ ಕೊಟ್ರೇಶ್.

"ಆಯುಧ ಅಂದ್ಮೇಲೆ ಆಯುಧ ಮಗಾ. ಇದಕ್ಕೊಂದು ಬಿಟ್ರೆ ಇದು ಬೇಜಾರ್ ಮಾಡ್ಕೊಳ್ಳಲ್ವಾ?" ಎಂದವನೇ ಸೆನ್ಸರಿನ ಮೇಲೂ ಒಂದು ಮಾರುದ್ದದ ಹಾರ ಇಳಿಬಿಟ್ಟ.

ಹನ್ನೊಂದಕ್ಕೆ ಎಂ.ಡಿ. ಬಂದರು. ಅರ್ಚಕರು ಮಂತ್ರ ಶುರುಮಾಡಿದರು. ಭಾಗ್ಯಶ್ರೀ ಕೈ ಆಡಿಸಿದಳು. ದುಬ್, ದಬ್, ಟಣ್. ಎಂ.ಡಿ. ಹುಬ್ಬೇರಿಸಿ ಮುಗುಳ್ನಕ್ಕರು. ಕೊಟ್ರೇಶ್ ಅವರ ಜೇಬನ್ನು ನೋಡಿದ. ಮಡಚಿದ ಬಿಳಿ ಹಾಳೆಯ ತುದಿ ಕಾಣುತ್ತಿತ್ತು.

ಎಂ.ಡಿ. ಬೆವರು ಒರೆಸಿಕೊಂಡರು. ಹನುಮೇಶ ಓಡಿಹೋಗಿ ದೊಡ್ಡ ಫ್ಯಾನು ಹಾಕಿದ.

ಹಾರ ತೂಗಾಡತೊಡಗಿತು. ಪ್ರತಿ ತೂಗಿಗೂ ಸೆನ್ಸರ್ ಒಂದು ತಾಳ ಎಣಿಸಿತು. ಭಾಗ್ಯಶ್ರೀ ಗಾಬರಿಯಿಂದ ಕೈ ಹಿಂದೆಳೆದರೂ ಪ್ರೆಸ್ಸು ಕೇಳಲಿಲ್ಲ. ಮೂವತ್ತು ಐವತ್ತಾಯಿತು, ಐವತ್ತು ಎಂಬತ್ತಾಯಿತು. ವಾಲಗ ನಾಯಿ ಅಟ್ಟಿಸಿಕೊಂಡು ಬಂದವನಂತೆ ಓಡಿತು. ಅರ್ಚಕರು ಮೊದಲು ಮಂತ್ರವನ್ನು ಹಿಡಿದು ನಿಲ್ಲಿಸಲು ನೋಡಿದರು. ಆಮೇಲೆ ತಾವೇ ತಾಳಕ್ಕೆ ಬಿದ್ದು, ಹೊರಟ ಬಸ್ಸು ಹತ್ತುವವರ ಹಾಗೆ ನಾಮಾವಳಿಯನ್ನು ನಾಲ್ಕು ನಾಲ್ಕಾಗಿ ನುಂಗತೊಡಗಿದರು.

ನಲ್ಲಪ್ಪನ ಮುಖ ಕಪ್ಪಿಟ್ಟಿತು. "ನಿಲ್ಸೋ," ಎಂದು ಹಲ್ಲು ಕಡಿದ.

ಕೊಟ್ರೇಶ್ ಟಚ್‌ಪ್ಯಾಡಿನ ಮೇಲೆ ಬೆರಳಾಡಿಸಿದ. ಅರಿಶಿನ ಬೆರಳಿಗೆ ಬಂತು, ಬಾಣದ ಗುರುತು ಅಲುಗಲಿಲ್ಲ. ವೈರು ಕೀಳಲು ಕೈ ಹಾಕಿದಾಗ ಅರ್ಚಕರು ಮಂತ್ರದ ನಡುವೆಯೇ, ಅದೇ ವೇಗದಲ್ಲಿ, "ಪೂಜೆ ಮುಗಿಯೋವರೆಗೂ ಆಯುಧ ಮುಟ್ಟಬಾರದು ಮುಟ್ಟಬಾರದು," ಎಂದರು. ಎಂ.ಡಿ.ಯವರೂ ಬೇಡ ಎಂದು ಕೈ ಸನ್ನೆ ಮಾಡಿದರು. ಅವರು ಮೊಬೈಲ್ ತೆಗೆದಿದ್ದರು. ವಿಡಿಯೋ ಮಾಡುತ್ತಿದ್ದಾರೆಂದು ಕೊಟ್ರೇಶನಿಗೆ ಸಮಾಧಾನವಾಯಿತು.

ಅರ್ಧ ಗಂಟೆಯ ಪೂಜೆ ಎಂಟು ನಿಮಿಷಕ್ಕೆ ಮುಗಿಯಿತು. ಬೂದುಗುಂಬಳಕಾಯಿ ಒಡೆದರು. ಹನುಮೇಶ ಫ್ಯಾನು ಆರಿಸಿದ. ಪ್ರೆಸ್ಸು ನಿಂತಿತು.

"ನಲ್ಲಪ್ಪ, ಇದು ನಮ್ಮ ಪ್ರೆಸ್ಸೇ ಅಲ್ವಾ?" ಎಂದರು ಎಂ.ಡಿ.

"ಹೌದು ಸಾರ್." ನಲ್ಲಪ್ಪನ ಬಾಯ್ತುಂಬ ಕಡ್ಲೆಪುರಿ ಇತ್ತು.

"ನಿಮಿಷಕ್ಕೆ ತೊಂಬತ್ತಾರು ಪೆಟ್ಟು. ನಾನು ಎಣಿಸ್ದೆ." ಮೊಬೈಲಿನಲ್ಲಿ ಓಡುತ್ತಿದ್ದದ್ದು ಸ್ಟಾಪ್‌ವಾಚು. "ಹಳೇ ಮಷೀನು, ಮೂವತ್ತು ದಾಟಿದ್ರೆ ಬಿರುಕು ಬಿಡುತ್ತೆ ಅಂತ ಬರೆದುಕೊಟ್ಟಿದ್ದು ನೀವೇ ಅಲ್ವಾ?"

ಅದು ತೊಂಬತ್ತಕ್ಕೂ ಬಗ್ಗದ ಮಷೀನು ಎಂಬುದು ಶೆಡ್ಡಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಎಂ.ಡಿ.ಗೆ ಗೊತ್ತಾಗದಂತೆ ಅವರೆಲ್ಲ ಆರು ವರ್ಷದಿಂದ ನೆಮ್ಮದಿಯಾಗಿ ಟೀ ಕುಡಿಯುತ್ತಿದ್ದರು. ಈಗ ಎಲ್ಲರೂ ಒಟ್ಟಿಗೆ ಕೊಟ್ರೇಶನ ಕಡೆ ತಿರುಗಿದರು.

ನಲ್ಲಪ್ಪ ಕಡ್ಲೆಪುರಿ ನುಂಗಿ ತಲೆ ಓಡಿಸಿದ. "ಅದು ಸಾರ್... ನಮ್ ಕೊಟ್ರೇಶ್ ರಿಪೇರಿ ಮಾಡಿ ಮಾಡಿ ಗಟ್ಟಿ ಮಾಡ್ಬಿಟ್ಟಿದಾನೆ."

ಎಂ.ಡಿ. ಬಂದು ಕೊಟ್ರೇಶನ ಕೈ ಕುಲುಕಿದರು. ಜೇಬಿನಿಂದ ಹಾಳೆ ತೆಗೆದು ಬಿಡಿಸಿದರು. ಅದರಲ್ಲಿ ತನ್ನ ಹೆಸರು ಟೈಪಾಗಿದ್ದದ್ದು ಕೊಟ್ರೇಶನಿಗೆ ಸ್ಪಷ್ಟವಾಗಿ ಕಂಡಿತು. ಇನಿಶಿಯಲ್ ಕೂಡ ಸರಿಯಾಗಿತ್ತು.

"ಮಷೀನಿಗೆ ವಯಸ್ಸಾಗಿದೆ, ಪಕ್ಕದಲ್ಲೊಬ್ಬ ಪರ್ಮನೆಂಟ್ ಮನುಷ್ಯ ಬೇಕೇ ಬೇಕು ಅಂತ ನಲ್ಲಪ್ಪ ಕೇಳಿದ್ರು. ಅದಕ್ಕೇ ಇದನ್ನ ತಂದಿದ್ದೆ," ಎಂದರು ಎಂ.ಡಿ. "ನೀವು ಇಷ್ಟು ಗಟ್ಟಿ ಮಾಡಿದ್ಮೇಲೆ ಇನ್ಯಾಕಪ್ಪ ಅದು?"

ಹಾಳೆ ಮಡಚಿ ಜೇಬಿಗೆ ಇಳಿಸಿದರು. ಬಾಗಿಲ ಬಳಿ ಹೋಗಿ ತಿರುಗಿ ನಿಂತು, "ನಾಳೆ ರಜೆ. ನಾಡಿದ್ದರಿಂದ ಇದೇ ಸ್ಪೀಡು. ಸಂಗೀತ ಬಹಳ ಚೆನ್ನಾಗಿತ್ತು," ಎಂದರು.

ಕಾರು ಗೇಟು ದಾಟಿತು. ಆಮೇಲೆ ಭಾಗ್ಯಶ್ರೀ ಒಂದು ಹಿಡಿ ಕಡ್ಲೆಪುರಿ ತಂದು ಕೊಟ್ರೇಶನ ಅರಿಶಿನದ ಕೈಗೆ ಹಾಕಿದಳು.

"ಯಣ್ಣಾ," ಎಂದಳು, "ಒಂದು ಜೋಗುಳ ಬಾರ್ಸಾಕ ಬರ್ತಿದ್ದಿಲ್ಲೇನು ನಿನಗ?"