ಮಹಡಿ ಮನೆಯ ಸ್ತೋತ್ರ

ಕೆಲವರಿಗೆ ಈಜು ಬರುವುದಿಲ್ಲ, ಕೆಲವರಿಗೆ ಸೈಕಲ್ ಬರುವುದಿಲ್ಲ. ನನಗೆ ಸುಮ್ಮನೆ ಕೂರುವುದು ಬರುವುದಿಲ್ಲ. ಕುರ್ಚಿಯಲ್ಲಿ ಕೂತರೆ ಕಾಲು ತಾನಾಗಿ ಕುಣಿಯುತ್ತದೆ, ರೈಲಿನಲ್ಲಿ ಕೂತರೆ ಮುಂದಿನ ಸ್ಟೇಷನ್ ಬರುವ ಮುಂಚೆಯೇ ಎದ್ದು ಬಾಗಿಲ ಹತ್ತಿರ ನಿಲ್ಲುತ್ತೇನೆ. ಮಾಲೂರಿನಿಂದ ಬೆಂಗಳೂರಿನ ಆಫೀಸಿಗೆ ಇಷ್ಟು ವರ್ಷ ಓಡಾಡಿದ್ದೇನೆ, ಅದರಲ್ಲಿ ಅರ್ಧ ಪ್ರಯಾಣವನ್ನು ಬಾಗಿಲಲ್ಲೇ ಮಾಡಿದ್ದೇನೆ. ದೇವರ ಮುಂದೆಯೂ ಇದೇ ಅವಸ್ಥೆ. ಕೈ ಮುಗಿದು ಕಣ್ಣು ಮುಚ್ಚಿದ ಕೂಡಲೇ "ಸ್ವಾಮಿ, ರೈಲು ಸಿಗಲಿ, ಸೀಟೂ ಸಿಗಲಿ, ಬೋರಿನ ಮೋಟರು ಸುಡದೆ ಇರಲಿ, ಅಳಿಯನಿಗೆ ಬುದ್ಧಿ ಬರಲಿ" ಎಂದು ಒಂದೇ ಉಸಿರಿಗೆ ಒಪ್ಪಿಸಿ, ಮಂಗಳಾರತಿ ಮುಗಿಯುವುದರೊಳಗೆ ಚಪ್ಪಲಿ ಹುಡುಕುತ್ತಿರುತ್ತೇನೆ. "ನೀವು ದೇವರ ಹತ್ರ ಮಾತಾಡ್ತೀರೋ, ದಿನಸಿ ಅಂಗಡಿಯಲ್ಲಿ ಸಾಮಾನು ಬರೆಸ್ತೀರೋ?" ಎಂದು ನನ್ನ ಹೆಂಡತಿ ವಿಮಲಾ ಒಮ್ಮೆ ಕೇಳಿದ್ದಳು. ನನಗೆ ಅದರಲ್ಲಿ ತಪ್ಪೇನೂ ಕಾಣಿಸಿರಲಿಲ್ಲ. ಕೊಡುವವನು ಅವನು, ಕೇಳುವವನು ನಾನು, ನಡುವೆ ಸುಮ್ಮನೆ ಹೊತ್ತು ಕಳೆಯುವುದೇಕೆ?

ಈ ನನ್ನ ನಂಬಿಕೆಗೆ ಮೊದಲ ಪೆಟ್ಟು ಬಿದ್ದದ್ದು ನಮ್ಮ ಮಹಡಿ ಮನೆಗೆ ದಾವೀದಪ್ಪ ಮೇಷ್ಟ್ರು ಬಾಡಿಗೆಗೆ ಬಂದಾಗ. ಹೈಸ್ಕೂಲಿನಲ್ಲಿ ಆಟ ಕಲಿಸುವ ಮೇಷ್ಟ್ರು. ಆಟದ ಮೈದಾನದ ಆ ತುದಿಯ ಹುಡುಗನಿಗೆ ಕೇಳಿಸುವಂತೆ ಕೂಗಿ ಕೂಗಿ ಬೆಳೆಸಿದ ಗಂಟಲು. ಆ ಗಂಟಲಿನಿಂದ ಅವರು ಪ್ರತಿದಿನ ಬೆಳಗಿನ ಜಾವ "ದೇವಾ, ನಿನಗೆ ಸ್ತೋತ್ರ!" ಎಂದು ಶುರುಮಾಡಿದರೆ ನಮ್ಮ ಅಡುಗೆಮನೆಯ ಲೋಟಗಳು ಸಣ್ಣಗೆ ನಡುಗುತ್ತಿದ್ದವು. ಅವರ ಹೆಂಡತಿ ರೂತಮ್ಮ ಶ್ರೀನಿವಾಸಪುರದ ಕಡೆಯವರು, ಮನೆಮಾತು ತೆಲುಗು. ಮೇಷ್ಟ್ರು ಕನ್ನಡದಲ್ಲಿ ಹೇಳಿದ್ದಕ್ಕೆ ಅವರು "ಸ್ತೋತ್ರಂ ಪ್ರಭುವಾ" ಎಂದು ತೆಲುಗಿನಲ್ಲಿ ಮುದ್ರೆ ಒತ್ತುತ್ತಿದ್ದರು. ಹೀಗೆ ನನಗೆ ಎರಡು ಭಾಷೆಗಳಲ್ಲಿ ಎಚ್ಚರವಾಗುತ್ತಿತ್ತು.

ಶಬ್ದಕ್ಕೆ ನಾನು ಹೆಚ್ಚು ತಲೆ ಕೆಡಿಸಿಕೊಂಡವನಲ್ಲ. ನಮ್ಮ ತಂದೆ ಮುಳಬಾಗಿಲಿನ ಕಡೆ ಅರ್ಚಕರಾಗಿದ್ದವರು. ಗಂಟೆಯ ಸದ್ದಿನಲ್ಲೇ ನಾನು ಹುಟ್ಟಿ ಬೆಳೆದದ್ದು. ನನ್ನನ್ನು ಕಾಡಿದ್ದು ಬೇರೆ ವಿಷಯ. ಈ ಮನುಷ್ಯ ಏನು ಸಿಕ್ಕಿತೆಂದು ಇಷ್ಟು ಹೊಗಳುತ್ತಾರೆ? ಪ್ರಮೋಷನ್ ಆಗಿರಲಿಲ್ಲ. ಸೈಟು ತೆಗೆದುಕೊಂಡಿರಲಿಲ್ಲ. ಸ್ಕೂಟರು ದಿನ ಬಿಟ್ಟು ದಿನ ಕೈ ಕೊಡುತ್ತಿತ್ತು, ಅದನ್ನು ತಳ್ಳಿಕೊಂಡು ಬಂದು ಬೆವರು ಒರೆಸಿಕೊಳ್ಳುತ್ತಲೇ "ಮನೆ ಹತ್ರಾನೇ ನಿಂತ್ಕೊಂಡ್ತು ರಾಯರೇ, ಸ್ತೋತ್ರ" ಎನ್ನುತ್ತಿದ್ದರು. ಒಮ್ಮೆ ಬೇಸಿಗೆಯಲ್ಲಿ ನಮ್ಮ ಬೋರ್‌ವೆಲ್ ಮೋಟರು ಸುಟ್ಟುಹೋಯಿತು. ಬಾಡಿಗೆದಾರರು ಬೈಯುತ್ತಾರೆಂದು ತಯಾರಾಗಿ, ಬೈದರೆ ಏನು ಉತ್ತರ ಕೊಡಬೇಕೆಂದೂ ಮೆಟ್ಟಿಲ ಮೇಲೆ ಅಭ್ಯಾಸ ಮಾಡಿಕೊಂಡು ಹೋದೆ. ಸುದ್ದಿ ಕೇಳಿ ಮೇಷ್ಟ್ರು, "ಸ್ತೋತ್ರ! ಟ್ಯಾಂಕರ್‌ನವನು ಇನ್ನೂ ನಮ್ಮ ಬೀದಿಗೆ ಬರ್ತಾನಲ್ಲ" ಎಂದರು. ನಾನು ತಯಾರಿಸಿಕೊಂಡಿದ್ದ ಉತ್ತರವೆಲ್ಲ ದಂಡವಾಯಿತು.

ಕೊನೆಗೆ ತಡೆಯಲಾರದೆ ಒಂದು ಭಾನುವಾರ ಕೇಳಿಯೇಬಿಟ್ಟೆ. ರೂತಮ್ಮನ ತವರಿನಿಂದ ಬಾದಾಮಿ ಮಾವಿನಹಣ್ಣು ಬಂದಿತ್ತು. ಮಹಡಿಯ ಕಟ್ಟೆಯ ಮೇಲೆ ಕೂತು ಇಬ್ಬರೂ ತಿನ್ನುತ್ತಿದ್ದೆವು.

"ಮೇಷ್ಟ್ರೇ, ಬೇಜಾರು ಮಾಡ್ಕೋಬೇಡಿ. ಅಷ್ಟು ದೊಡ್ಡ ದೇವರಿಗೆ ನೀವು ದಿನಾ ಎದ್ದು ನೀನು ದೊಡ್ಡವನು, ನೀನು ದೊಡ್ಡವನು ಅಂತ ಯಾಕೆ ಹೇಳ್ಬೇಕು? ಅವನಿಗೆ ಗೊತ್ತಿಲ್ವಾ? ನಮ್ಮ ಮ್ಯಾನೇಜರ್ ಕೂಡ ಅಷ್ಟು ಹೊಗಳಿಕೆ ಕೇಳಲ್ಲ."

ಮೇಷ್ಟ್ರು ಓಟೆ ಚೀಪುತ್ತಾ ನಕ್ಕರು. "ಈಗ ಹಣ್ಣು ಬಾಯಿಗಿಟ್ಟಾಗ ಅಬ್ಬಾ ಅಂದ್ರಲ್ಲ ರಾಯರೇ, ಯಾರಿಗೆ ಅಂದ್ರಿ? ಮರಕ್ಕೆ ಕೇಳಿಸ್ಲಿ ಅಂತಾನಾ?"

"ಅದು ತಾನಾಗಿ ಬಂತು."

"ಅದೇ. ಕೊಟ್ಟಿದ್ದಕ್ಕೆ ಥ್ಯಾಂಕ್ಸ್ ಬೇರೆ. ಅವನು ಇದಾನೆ, ಒಳ್ಳೆಯವನು ಅನ್ನೋದಕ್ಕೆ ಸ್ತೋತ್ರ. ಹೇಳಿಲ್ಲಾಂದ್ರೆ ಅವನಿಗೇನೂ ಕಮ್ಮಿ ಆಗಲ್ಲ. ನನಗೆ ಹಣ್ಣು ತಿಂದಂಗಾಗಲ್ಲ."

"ಹಣ್ಣು ಹುಳಿ ಇದ್ರೆ?"

"ಉಪ್ಪು ಖಾರ ಹಾಕ್ಕೊಂಡು ತಿಂತೀವಪ್ಪ!"

ಇದು ಉತ್ತರವೇ ಅಲ್ಲ ಎಂದು ನನಗೆ ಅನ್ನಿಸಿತು. ಮುಂದಿನ ವಾರ ಊರಿಗೆ ಹೋದಾಗ ತಂದೆಯವರ ಹತ್ತಿರ ದೂರಿದೆ. ನನ್ನ ತಮ್ಮನ ಮನೆಯ ಜಗಲಿಯಲ್ಲಿ ಅವರು ಹೂವು ಬಿಡಿಸುತ್ತಾ ಕೂತಿದ್ದರು. ಕ್ರೈಸ್ತರು ಯಾಕೆ ಹೀಗೆ ಸದಾ ದೇವರನ್ನು ಹೊಗಳುತ್ತಾರೆಂದು ಕೇಳಿದರೆ ಅವರು ನನ್ನನ್ನೇ ಮೇಲಿಂದ ಕೆಳಗೆ ನೋಡಿದರು.

"ಲೇ, ನಮ್ಮ ಸಹಸ್ರನಾಮ ಅಂದ್ರೆ ಏನು ಅಂದ್ಕೊಂಡಿದ್ದೀಯ? ಸಾವಿರ ಸಲ ಹೊಗಳೋದೇ ಕಣೋ. ಅದ್ರಲ್ಲಿ ಎಲ್ಲಾದ್ರೂ ರೈಲಲ್ಲಿ ಸೀಟು ಕೊಡು ಅಂತ ಇದೆಯೇನೋ?"

"ಕೊನೇಲಿ ಫಲಶ್ರುತಿ ಇದೆಯಲ್ಲಪ್ಪ. ಓದಿದ್ರೆ ಏನೇನು ಸಿಗುತ್ತೆ ಅಂತ."

"ನೀನು ಅದನ್ನ ಮಾತ್ರ ಓದ್ತೀಯ," ಎಂದು ಹೂವಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋದರು. ಎರಡು ಧರ್ಮಗಳಿಂದಲೂ ಹೀಗೆ ನನಗೆ ಛೀಮಾರಿಯಾಯಿತು. ಆ ವಿಷಯವನ್ನು ಅಲ್ಲಿಗೇ ಬಿಡುತ್ತಿದ್ದೆನೇನೋ. ಅಷ್ಟರಲ್ಲಿ ವಿಮಲಾ ಒಂದು ದಿನ ಸ್ನಾನ ಮುಗಿಸಿ ಬಂದು, ಕೂದಲು ಒರೆಸಿಕೊಳ್ಳುತ್ತಾ, ಹಾಲು ಉಕ್ಕಿದೆ ಎನ್ನುವ ಹಾಗೆ, "ರೀ, ಎದೆಯಲ್ಲಿ ಒಂದು ಗಂಟು ಸಿಗ್ತಾ ಇದೆ" ಎಂದಳು.

ಕೋಲಾರದ ಆಸ್ಪತ್ರೆಯಲ್ಲಿ ಡಾಕ್ಟರು ನೋಡಿ, ಸೂಜಿ ಹಾಕಿ ಸ್ವಲ್ಪ ತೆಗೆದು ಪರೀಕ್ಷೆಗೆ ಕಳಿಸಿದರು. ರಿಪೋರ್ಟು ಬರಲು ಕೆಲವು ದಿನ ಬೇಕು, ಅಲ್ಲಿಯವರೆಗೆ ಗಾಬರಿಯಾಗಬೇಡಿ ಎಂದರು. ಸುಮ್ಮನೆ ಕೂರಲು ಬಾರದವನಿಗೆ ಇದಕ್ಕಿಂತ ಕ್ರೂರವಾದ ಚೀಟಿಯನ್ನು ಯಾವ ಡಾಕ್ಟರೂ ಬರೆದುಕೊಡಲಾರ. ನಾನು ಆಫೀಸಿಗೆ ರಜೆ ಹಾಕಿದೆ. ಮನೆಯಲ್ಲಿ ನಡುಮನೆಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಿತ್ತಲಿಗೆ ನಡೆದೆ. ಮೊಬೈಲಿನಲ್ಲಿ ಗಂಟುಗಳ ಬಗ್ಗೆ ಓದಿದೆ. ಓದಿ, ಓದಬಾರದಿತ್ತು ಎಂದುಕೊಂಡು, ಮತ್ತೆ ಓದಿದೆ. ಸುತ್ತಮುತ್ತಲಿನ ಯಾವ ದೇವರನ್ನೂ ಬಿಡಲಿಲ್ಲ. ಕುರುಡುಮಲೆಯ ಗಣಪತಿಗೆ ಇಷ್ಟು ತೆಂಗಿನಕಾಯಿ, ಕೋಲಾರಮ್ಮನಿಗೆ ಸೀರೆ, ಚಿಕ್ಕತಿರುಪತಿಯಲ್ಲಿ ಮುಡಿ ಎಂದು ಮಾತು ಕೊಡುತ್ತಾ ಹೋದೆ. ನನ್ನ ತಲೆಯಲ್ಲಿ ಮುಡಿ ಎನ್ನುವಂಥದ್ದೇನೂ ಉಳಿದಿಲ್ಲವೆಂಬುದು ಹರಕೆ ಹೊತ್ತಾದ ಮೇಲೆ ನೆನಪಾಯಿತು. ವಿಮಲಾ ಮಾತ್ರ ಎಂದಿನಂತೆ ಸೊಪ್ಪು ಬಿಡಿಸುತ್ತಿದ್ದಳು. ಆದರೆ ಮಾತು ಕಡಿಮೆಯಾಗಿತ್ತು. ನನ್ನನ್ನು ಬೈಯುವುದನ್ನೂ ನಿಲ್ಲಿಸಿದ್ದಳು. ಅದು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಹೆದರಿಸಿತು.

ಒಂದು ಸಂಜೆ ಮೇಷ್ಟ್ರೂ ರೂತಮ್ಮನೂ ಕೆಳಗಿಳಿದು ಬಂದರು. "ರಾಯರೇ, ಅಮ್ಮನವರು ಒಪ್ಪಿದ್ರೆ ಸ್ವಲ್ಪ ಪ್ರಾರ್ಥನೆ ಮಾಡ್ಲಾ?" ಎಂದು ಮೇಷ್ಟ್ರು ಕೇಳಿದರು. ವಿಮಲಾ ತಲೆಯಾಡಿಸಿದಳು. ನಾನಂತೂ ಆ ಹೊತ್ತಿನಲ್ಲಿ ಯಾರು ಬಂದು ಯಾರನ್ನು ಕೂಗಿದರೂ ಬೇಡವೆನ್ನುವ ಸ್ಥಿತಿಯಲ್ಲಿರಲಿಲ್ಲ. ಎಲ್ಲರೂ ಕೂತು ಕಣ್ಣು ಮುಚ್ಚಿದೆವು. ಮೇಷ್ಟ್ರು ಅಂದು ದನಿ ಎತ್ತರಿಸಲಿಲ್ಲ.

"ದೇವಾ, ಈ ಸಂಜೆಗಾಗಿ ಸ್ತೋತ್ರ. ಈ ಮನೆಗಾಗಿ ಸ್ತೋತ್ರ. ನಾವು ಬಂದ ದಿನ ಇನ್ನೂ ಒಲೆ ಹಚ್ಚಿರಲಿಲ್ಲ, ಕೇಳದೇನೇ ಊಟ ಕಳಿಸಿದ ಈ ಅಮ್ಮನ ಕೈಗಳಿಗಾಗಿ ಸ್ತೋತ್ರ..."

ನಾನು ಕಾದೆ. ಮೇಷ್ಟ್ರು ಮನೆಯಿಂದ ಬೀದಿಗೆ, ಬೀದಿಯಿಂದ ಊರಿಗೆ, ಊರಿನಿಂದ ಕೆರೆಗೆ ಬಂದರು. ಕೆರೆಯ ಮೇಲಿನ ಕೊಕ್ಕರೆಗಳಿಗೂ ಸ್ತೋತ್ರವಾಯಿತು. ರಿಪೋರ್ಟಿನ ಸುದ್ದಿಯೇ ಇಲ್ಲ! ಕೊಕ್ಕರೆ ದಾಟಿ ಬೆಟ್ಟಗಳ ಕಡೆ ಹೊರಟಾಗ ನನ್ನ ತಾಳ್ಮೆ ತಪ್ಪಿತು. ಒಂದು ಕಣ್ಣು ತೆರೆದು, "ಮೇಷ್ಟ್ರೇ, ಗಂಟಿನ ವಿಷಯ ಹೇಳ್ರೀ" ಎಂದು ಪಿಸುಗುಟ್ಟಿದೆ.

ಮೇಷ್ಟ್ರು ಕಣ್ಣು ತೆರೆಯದೆಯೇ, ಅದೇ ಧಾಟಿಯಲ್ಲಿ, "ದೇವಾ, ಒಂದು ನಿಮಿಷವೂ ನಿಲ್ಲಲಾರದ ರಾಯರ ಕಾಲುಗಳಿಗಾಗಿಯೂ ಸ್ತೋತ್ರ. ಅವು ಈ ತಾಯಿಗೋಸ್ಕರ ಓಡಾಡ್ತಾ ಇವೆ, ನೀನು ನೋಡ್ತಾ ಇದ್ದೀಯ" ಎಂದರು.

ವಿಮಲಾ ಕಿಸಕ್ಕೆಂದು ನಕ್ಕಳು. ನಗು ತಡೆಯಲು ಸೆರಗು ಬಾಯಿಗೆ ಒತ್ತಿಕೊಂಡಳು. ಆಮೇಲೆ ಅದೇ ಸೆರಗಿನಲ್ಲಿ ಅಳುವುದಕ್ಕೆ ಶುರುಮಾಡಿದಳು. ಅಷ್ಟು ದಿನದಿಂದ ಅವಳು ಅತ್ತಿರಲಿಲ್ಲ. ರೂತಮ್ಮ ಅವಳ ಬೆನ್ನು ಸವರುತ್ತಾ "ಏಮೀ ಕಾದಕ್ಕಾ, ಏನೂ ಆಗಲ್ಲ" ಎನ್ನುತ್ತಿದ್ದರು. ಮೇಷ್ಟ್ರು ಆಮೇಲೆ ಗಂಟಿನ ವಿಷಯವನ್ನೂ ಹೇಳಿದರು. ಆದರೆ ಎರಡೇ ಮಾತಿನಲ್ಲಿ, ಮನೆಯವರಿಗೆ ಹೇಳುವ ಹಾಗೆ.

ರಿಪೋರ್ಟಿನ ದಿನ ರೂತಮ್ಮನೂ ನಮ್ಮ ಜೊತೆ ಕೋಲಾರಕ್ಕೆ ಬಂದರು. ಡಾಕ್ಟರು ಇನ್ನೊಮ್ಮೆ ನೋಡಬೇಕೆಂದು ವಿಮಲಾಳನ್ನು ಮೊದಲು ಒಳಗೆ ಕರೆದರು. ನಾನೂ ರೂತಮ್ಮನೂ ಹೊರಗೆ ಬೆಂಚಿನ ಮೇಲೆ. ನಾನು ಎದ್ದು, ಕೂತು, ಮತ್ತೆ ಎದ್ದು ಅವರ ತಲೆ ತಿರುಗಿಸುತ್ತಿದ್ದೆ. ಮನಸ್ಸಿನಲ್ಲಿದ್ದ ಕಹಿ ಸುಮ್ಮನಿರದೆ ಬಾಯಿಗೆ ಬಂತು. "ರೂತಮ್ಮ, ಕೆಟ್ಟ ರಿಪೋರ್ಟ್ ಬಂದ್ರೂ ನಿಮ್ಮ ಮೇಷ್ಟ್ರು ಸ್ತೋತ್ರಾನೇ ಅಂತಾರಾ?"

ರೂತಮ್ಮ ನನ್ನ ಕಡೆ ತಿರುಗಿದರು. "ಅಣ್ಣಾ, ನಮಗೊಬ್ಬ ಮಗ ಇದ್ದ. ನಿಮಗೆ ಹೇಳಿಲ್ಲ. ಜ್ವರ ಬಂದು ಹೋಗ್ಬಿಟ್ಟ, ಇನ್ನೂ ಸ್ಕೂಲಿಗೇ ಸೇರಿಸಿರಲಿಲ್ಲ. ಅವಾಗ ಇವರು ಸ್ತೋತ್ರ ಅನ್ನಲಿಲ್ಲ. ಚರ್ಚಿಗೂ ಬರಲಿಲ್ಲ. ನಾನೇ ಹಾಡು ಶುರುಮಾಡಿದ್ರೂ ಎದ್ದು ಆಚೆ ಹೋಗೋರು. ತುಂಬಾ ದಿನ ಹಂಗೇ ಇದ್ರು."

"ಆಮೇಲೆ?"

"ಒಂದಿನ ಸ್ಕೂಲಲ್ಲಿ ಮಕ್ಕಳನ್ನ ಓಡಿಸ್ತಾ ಇದ್ರಂತೆ. ಯಾವುದೋ ಮಗು ಮುಗ್ಗರಿಸಿ ಬಿದ್ದು, ಎದ್ದು, ಮೊಣಕಾಲು ನೋಡ್ಕೊಂಡು ನಕ್ಕುಬಿಡ್ತಂತೆ. ಇವರ ಬಾಯಲ್ಲಿ ಸ್ತೋತ್ರ ಅಂತ ಬಂದುಬಿಡ್ತಂತೆ. ಮನೆಗೆ ಬಂದು ಹೇಳಿ ಅತ್ರು. ಯಾಕೆ ಅಂದ್ರಿ ಅಂತ ಕೇಳ್ದೆ. ಗೊತ್ತಿಲ್ಲ ಕಣೇ, ಅವನು ಹೋದ, ಆದ್ರೆ ಅವನನ್ನ ಕೊಟ್ಟಿದ್ದ ದೇವರು ಇನ್ನೂ ಇದಾನೆ ಅನ್ನಿಸ್ತು ಅಂದ್ರು." ರೂತಮ್ಮ ಸೀರೆಯ ನೆರಿಗೆ ಸರಿಮಾಡಿಕೊಂಡರು. "ಕೆಟ್ಟದ್ದಕ್ಕೆ ಯಾರಣ್ಣಾ ಸ್ತೋತ್ರ ಮಾಡ್ತಾರೆ? ಕೆಟ್ಟದ್ದು ಬಂದಾಗ್ಲೂ ಮಾಡ್ತೀವಿ, ಅಷ್ಟೇ. ಇಲ್ಲಾಂದ್ರೆ ಎದ್ದು ನಿಲ್ಲೋಕಾಗಲ್ಲ."

ಅವರ ಪಕ್ಕದಲ್ಲಿ ಕೂತೆ. ಒಳಗಿನಿಂದ ನರ್ಸು ಬಂದು ಕೂಗುವವರೆಗೂ ಕೂತೇ ಇದ್ದೆ.

ಒಳಗೆ ಡಾಕ್ಟರು ನಗುತ್ತಿದ್ದರು. ಬರೀ ಕೊಬ್ಬಿನ ಗಂಟಂತೆ, ಅಪಾಯವಿಲ್ಲವಂತೆ, ಆಗಾಗ ತೋರಿಸಿಕೊಂಡು ಹೋದರೆ ಸಾಕಂತೆ. ಆಗ ನಾನು ಏನಾದರೂ ಒಳ್ಳೆಯ ಮಾತು ಆಡಬೇಕಿತ್ತು. ನಾನು ಆಡಿದ್ದು, "ಡಾಕ್ಟ್ರೇ, ಹಂಗಾದ್ರೆ ಆ ಗಂಟು ಯಾಕೆ ಬಂತು? ರಿಪೋರ್ಟು ಬೇರೆಯವರದ್ದಲ್ಲ ತಾನೇ?" ಎಂದು. ಡಾಕ್ಟರು ಹೆಸರು ತೋರಿಸಿದರು. ವಿಮಲಾ ನನ್ನ ತೋಳು ಹಿಡಿದು ಆಚೆ ಎಳೆದುಕೊಂಡು ಬಂದಳು. ಬಸ್ಸಿನಲ್ಲಿ ಮಾಲೂರಿನವರೆಗೂ ನನ್ನನ್ನು ಚೆನ್ನಾಗಿ ಬೈದಳು. ಸಂಗೀತ ಕೇಳಿದ ಹಾಗೆ ಕೇಳಿದೆ.

ಅಂದು ರಾತ್ರಿಯ ಊಟ ನಮ್ಮಲ್ಲೇ ಎಂದು ವಿಮಲಾ ಅವರಿಬ್ಬರನ್ನೂ ಕರೆದಳು. ಎಲೆ ಹಾಕಿದ್ದಾಯಿತು. ಮೇಷ್ಟ್ರು ಪ್ರಾರ್ಥನೆ ಮಾಡುತ್ತಾರೆಂದು ನಾನು ಕಣ್ಣು ಮುಚ್ಚಿದರೆ, "ಇವತ್ತು ರಾಯರು ಹೇಳ್ಲಿ. ಬೇಡೋದು ಏನೂ ಬೇಡ, ಬರೀ ಸ್ತೋತ್ರ. ನಿಮ್ಮ ದೇವರಿಗೆ, ನಿಮಗೆ ಬಂದ ಹಾಗೆ ಹೇಳಿ" ಎಂದುಬಿಟ್ಟರು. ಇಂಥ ಇಕ್ಕಟ್ಟಿಗೆ ನಾನು ಎಂದೂ ಸಿಕ್ಕಿಬಿದ್ದಿರಲಿಲ್ಲ. "ಸ್ವಾಮಿ..." ಎಂದೆ. ಮುಂದಕ್ಕೆ ಹೋಗಲಿಲ್ಲ. ಬೇಡುವ ಮಾತುಗಳೆಲ್ಲ ಗಂಟಲಲ್ಲಿ ಸಾಲುಗಟ್ಟಿ ನಿಂತಿದ್ದವು; ಅವನ್ನು ಪಕ್ಕಕ್ಕೆ ಸರಿಸಿ ಇನ್ನೇನಿದೆಯೆಂದು ತಡಕಾಡಿದೆ. ಸಾರಿನ ವಾಸನೆ ಬಂತು. "ಸ್ವಾಮಿ, ಸಾರು ಚೆನ್ನಾಗಿದೆ" ಎಂದೆ. ಮೇಷ್ಟ್ರು ಗಂಭೀರವಾಗಿ "ಸ್ತೋತ್ರ" ಎಂದರು. ಅದರಿಂದ ಧೈರ್ಯ ಬಂತು. ಸಾರು ಮಾಡಿದ ಕೈ ಚೆನ್ನಾಗಿದೆ ಎಂದೆ. ಬೆಳಿಗ್ಗೆ ನನ್ನ ಮುಂಚೆ ಎದ್ದು ಡಬ್ಬಿ ಕಟ್ಟುವುದು, ನನ್ನ ತಂದೆಗೆ ನನಗಿಂತ ಮುಂಚೆ ಫೋನು ಮಾಡುವುದು, ಒಬ್ಬಳೇ ಹೆದರಿಕೊಂಡು ಸೊಪ್ಪು ಬಿಡಿಸಿದ್ದು ಎಲ್ಲ ಹೇಳಿದೆ. ಶುರುವಾದದ್ದನ್ನು ನಿಲ್ಲಿಸಲಾಗಲಿಲ್ಲ.

ಎಲ್ಲ ಹೇಳಿ ಕಣ್ಣು ಬಿಟ್ಟು ನೋಡಿದರೆ, ನಾನು ದೇವರ ಮನೆಗೆ ಪೂರ್ತಿ ಬೆನ್ನು ಹಾಕಿ, ವಿಮಲಾಳ ಕಡೆಗೆ ತಿರುಗಿ, ಅವಳಿಗೇ ಕೈ ಮುಗಿದುಕೊಂಡು ಕೂತಿದ್ದೆ. ಮೇಷ್ಟ್ರು ಮೇಲಿನ ಫ್ಯಾನು ನೋಡುತ್ತಿದ್ದರು. ರೂತಮ್ಮ ನಗು ತಡೆಯುತ್ತಿದ್ದರು. ಸ್ತೋತ್ರ ತಪ್ಪು ವಿಳಾಸಕ್ಕೆ ಹೋಯಿತೇನೋ ಎಂಬ ಗಾಬರಿಯಲ್ಲಿ ನಾನು, "ಇದು ಲೆಕ್ಕಕ್ಕೆ ಬರುತ್ತಾ ಮೇಷ್ಟ್ರೇ?" ಎಂದು ಕೇಳಿದೆ.

ಅವರು ಬಾಯಿ ತೆರೆಯುವ ಮೊದಲೇ ವಿಮಲಾ ಕಣ್ಣೊರೆಸಿಕೊಂಡು ಸೌಟು ಎತ್ತಿದಳು. "ಬರುತ್ತೆ ಬರುತ್ತೆ. ಈಗ ಆಮೆನ್ ಅಂದು ಊಟ ಮಾಡಿ, ಅನ್ನ ಆರೋಗುತ್ತೆ."