ದುಂಡಣ್ಣನ ಸಣಕಲು ಅಕ್ಷರ

ಬೋರ್ಡು ಬರೆಯುವ ದುಂಡಣ್ಣ ಫ್ಯಾನ್ ಹಾಕಿದರೆ ಹಾರಿಹೋಗುವಷ್ಟು ಸಣಕಲ. ದುಂಡಗಿದ್ದದ್ದು ಅವನ ಅಕ್ಷರ. ಮಾವನ ಮನೆಯಲ್ಲಿ ಆರು ತಿಂಗಳು ಕೂತು ಉಂಡ ಅಳಿಯನ ಹಾಗೆ ಒಂದೊಂದಕ್ಕೂ ಕೆನ್ನೆ, ಹೊಟ್ಟೆ, ಸೊಂಟ! ಅವನು 'ಇಲಿ ಪಾಷಾಣ' ಎಂದು ಬರೆದರೂ ಜನ ನಾಲಿಗೆ ಚಪ್ಪರಿಸುತ್ತಿದ್ದರು. ಸುಳ್ಳಲ್ಲ, "ಒಂಚೂರು ರುಚಿ ನೋಡಬಹುದಾ?" ಎಂದು ಕೇಳುವವರ ಕಾಟ ತಡೆಯಲಾರದೆ ಆ ಅಂಗಡಿಯವನು ಊರನ್ನೇ ಬಿಟ್ಟ.

ಎಡವಟ್ಟು ಶುರುವಾದದ್ದು ಎದುರುಮನೆ ಮೇಷ್ಟ್ರ ಕಾಂಪೌಂಡಿನಿಂದ. ಅಲ್ಲಿನ ಕಟ್ಟೆಯ ಮೇಲಿನ ಗೋಡೆಗೆ ದುಂಡಣ್ಣ 'ಇಲ್ಲಿ ಕೂರಬಾರದು' ಎಂದು ಬರೆದುಕೊಟ್ಟಿದ್ದ. ಮಾರನೆಯ ಬೆಳಿಗ್ಗೆ ಕಟ್ಟೆಯ ಮೇಲೆ ಹನ್ನೊಂದು ಜನ.

"ಏನಯ್ಯಾ ಇದು? ಮೊದಲು ಇಬ್ಬರೇ ಕೂರ್ತಿದ್ರು!" ಮೇಷ್ಟ್ರು ಗುಡುಗಿದರು.

"ಅಕ್ಷರವೇ ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟ ಹಾಗಿದೆ, ಮೇಷ್ಟ್ರೇ" ಎಂದ ಕ್ಷೌರದಂಗಡಿಯವನು, ಕಟ್ಟೆಯಿಂದ ಏಳದೆಯೇ.

"ಸಂಜೆಯೊಳಗೆ ನೋಡಿದವರು ಹೆದರೋ ಹಾಗೆ ಬರಿ. ಇಲ್ದಿದ್ರೆ ಸುಣ್ಣ ಹೊಡೆಸಿಬಿಡ್ತೀನಿ!"

ಸುಣ್ಣ ಎಂದೊಡನೆ ದುಂಡಣ್ಣ ಗೋಡೆಗೆ ಅಡ್ಡ ನಿಂತ. ಐದು ಗಂಟೆಗೆ ಹೊಸ ಮಕ್ಕಳಾಸ್ಪತ್ರೆಯ ಡಾಕ್ಟರಮ್ಮ ಅವನ ಕೆಲಸ ನೋಡಲು ಬರುವವರಿದ್ದರು. ಒಪ್ಪಿದರೆ ಆಸ್ಪತ್ರೆಯ ಬೋರ್ಡುಗಳೆಲ್ಲ ಅವನವೇ. ತೋರಿಸಲು ಉಳಿದದ್ದು ಈ ಗೋಡೆಯೊಂದೇ, ಮಿಕ್ಕವನ್ನೆಲ್ಲ ಫ್ಲೆಕ್ಸ್ ನುಂಗಿಹಾಕಿತ್ತು.

ಹಳೆಯದನ್ನು ಅಳಿಸಿ ಕೂತ. ಕೈ ಮಾತು ಕೇಳಬೇಕಲ್ಲ! ನೆಟ್ಟಗೆ ಎಳೆದ ಗೆರೆ ತುದಿ ಮುಟ್ಟುವಷ್ಟರಲ್ಲಿ ಬಸುರಿಯಾಗುತ್ತಿತ್ತು.

"ಪಥ್ಯ ಮಾಡ್ಸಣ್ಣಾ ಅಕ್ಷರಕ್ಕೆ" ಎಂದು ಟೈಲರಕ್ಕ ನಕ್ಕಳು.

ಕೊನೆಗೆ ಹೆಂಡತಿ ಅಡಿಗೋಲು ತಂದು ಅವನ ಮಣಿಕಟ್ಟಿಗೆ ಬಿಗಿದಳು. "ಈಗ ಹೇಗೆ ಬಗ್ಗುತ್ತೋ ನೋಡೇಬಿಡ್ತೀನಿ!"

ನಾಲ್ಕೂವರೆಗೆ ಗೋಡೆಯ ಮೇಲೆ ಅಕ್ಷರಗಳು ಭರ್ಜಿ ಹಿಡಿದು ನಿಂತವು. "ಬೆನ್ನಿಗೆ ಚುಚ್ಚಿದ ಹಾಗಾಯ್ತು ಕಣ್ರಪ್ಪಾ" ಎಂದು ಕ್ಷೌರದಂಗಡಿಯವನೇ ಮೊದಲು ಎದ್ದ. ಕಟ್ಟೆ ಖಾಲಿ. ಮೇಷ್ಟ್ರ ಮುಖ ಮೂರು ಮಡಿ ಅಗಲವಾಯಿತು.

ಡಾಕ್ಟರಮ್ಮ ಬಂದರು, ಗೋಡೆ ನೋಡಿ ಹುಬ್ಬುಗಂಟಿಕ್ಕಿದರು. "ಇದನ್ನ ನೋಡಿದ್ರೆ ಮಕ್ಕಳು ಸೂಜಿಗಿಂತ ಮೊದಲೇ ಅಳ್ತಾರಲ್ಲಪ್ಪಾ! ಬೆಳಿಗ್ಗೆ ಇಲ್ಲಿ ಮುದ್ದಾದ ಗುಂಡು ಅಕ್ಷರ ಇತ್ತು. ನೋಡಿ ನಾನೇ ಕಾರು ನಿಲ್ಲಿಸಿ ಹತ್ತು ನಿಮಿಷ ಕೂತು ಹೋದೆ. ಅದೂ ನಿಮ್ಮದೇನಾ?"

ದುಂಡಣ್ಣ ಬಾಯಿ ತೆರೆಯುವ ಮೊದಲೇ ಮೇಷ್ಟ್ರು ಉಪಕಾರಕ್ಕೆ ಧುಮುಕಿದರು. "ಛೆ ಛೆ! ಅದ್ಯಾವನೋ ದಂಡಪಿಂಡದ ಕೆಲಸ, ಅಮ್ಮಾ. ಇವನು ಅಂಥವನಲ್ಲ!"

"ನಾನೇ ಅಮ್ಮಾ, ಆ ದಂಡಪಿಂಡ ನಾನೇ!"

"ಹಾಗಾದ್ರೆ ಒಂದು ಅಕ್ಷರ ಬರೆದು ತೋರಿಸಿ."

ಅಡಿಗೋಲು ಬಿಚ್ಚಿ ಕುಂಚ ಹಿಡಿದ. ಹಗಲೆಲ್ಲ ಪಟ್ಟಾಗಿ ಬಿಗಿಸಿಕೊಂಡ ಕೈ ಈಗ ಸತ್ತರೂ ಬಗ್ಗಲಿಲ್ಲ. ಬಿದ್ದದ್ದು ಇನ್ನೊಂದು ಭರ್ಜಿ. ಡಾಕ್ಟರಮ್ಮ ಮರುಕದಿಂದ ತಲೆಯಾಡಿಸಿ ಕಾರು ಹತ್ತಿದರು.

ದುಂಡಣ್ಣ ಖಾಲಿ ಕಟ್ಟೆಯ ಮೇಲೆ ಕುಸಿದ. ಸಂಜೆಗಾಳಿ ತಂಪಾಗಿ ಬೀಸುತ್ತಿತ್ತು. ಪರವಾಗಿಲ್ಲ, ಒಳ್ಳೇ ಜಾಗವೇ ಅನ್ನಿಸಿತು.

"ಏಯ್, ಗೋಡೆ ಮೇಲೇನಿದೆ ಓದೋಕೆ ಬರಲ್ವೇನೋ?" ಮೇಷ್ಟ್ರು ಕೂಗಿದರು.

"ಓದಿದೆ ಮೇಷ್ಟ್ರೇ" ಎಂದು ದುಂಡಣ್ಣ ಕಾಲು ಚಾಚಿದ. "ಅದ್ಯಾರೋ ಕೈ ಪಳಗದವನು ಬರೆದಿದ್ದು. ತಲೆ ಕೆಡಿಸ್ಕೋಬೇಡಿ, ಬನ್ನಿ ಕೂತ್ಕೊಳ್ಳಿ."